ಖಾಲಿಯಾಗಿ ತಲುಪಿದ ಡಬ್ಬಿ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನಗೆ ಅಭ್ಯಾಸವಾಗಿದೆ. ನಮ್ಮ ತರಗತಿಯವರೂ ನಂಬಲಿಲ್ಲ. ಅದಕ್ಕೆ ಕಾರಣ ಬೇರೆ: ಇದಕ್ಕೂ ಮೊದಲು ಅವರಿಗೆ ಹೇಳಿದ್ದ ಹನ್ನೆರಡು ಸಂಗತಿಗಳಲ್ಲಿ ಒಂಬತ್ತು ನನ್ನ ಸ್ವಂತ ತಯಾರಿಕೆಯವು.

ಮೊದಲು ಒಂದು ವಿಷಯ ಸರಿಮಾಡಿಕೊಳ್ಳೋಣ. ಇಲ್ಲಿ ಎಲ್ಲರೂ ನನ್ನನ್ನು ಫಾರಿನ್ನಿಂದ ಬಂದವಳು ಎನ್ನುತ್ತಾರೆ. ತಪ್ಪು. ನಾನು ಫಾರಿನ್ನಿಗೆ ಬಂದವಳು. ಹುಟ್ಟಿದ್ದು ಮಸ್ಕತ್ತಿನಲ್ಲಿ, ಹದಿನೈದು ವರ್ಷ ಬೆಳೆದದ್ದು ಅಲ್ಲಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ನನಗೆ ಊರು ಎಂದರೆ ಅದೇ. ಕುಶಾಲನಗರದ ಹತ್ತಿರದ ಈ ಹಳ್ಳಿ ನನಗೆ ಪರದೇಶ. ನನ್ನ ಪಾಸ್‌ಪೋರ್ಟ್ ಇದನ್ನು ಒಪ್ಪುವುದಿಲ್ಲ. ಅದಕ್ಕೇನು ಗೊತ್ತು, ಅದು ಬೀರುವಿನೊಳಗೆ ಬೆಳೆದದ್ದು.

ಅಪ್ಪನ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಅವರು ಈಗಿಲ್ಲ. ಅಪ್ಪನ ಪಾಲಿಗೆ ಒಂದು ಖಾಲಿ ಸೈಟು ಉಳಿದಿದೆ. ಕಂಪನಿಯವರು ಅಪ್ಪನಿಗೆ ಕೊಟ್ಟಿದ್ದ ಮನೆಯನ್ನು ವಾಪಸ್ ತೆಗೆದುಕೊಂಡ ವರ್ಷ, ಅಪ್ಪ ಮಸ್ಕತ್ತಿನಲ್ಲೇ ಆರು ಜನರ ಜೊತೆ ಒಂದು ರೂಮಿಗೆ ಹೋದರು, ಅಮ್ಮ ಮತ್ತು ನಾನು ಇಲ್ಲಿಗೆ ಬಂದೆವು. ಸೈಟಿನಲ್ಲಿ ಮನೆ ಏಳುವವರೆಗೆ ಬಾಡಿಗೆ ಮನೆ. ಒಂದೇ ಜಗುಲಿಗೆ ಎರಡು ಬಾಗಿಲು. ಒಂದು ನಮ್ಮದು, ಇನ್ನೊಂದು ಹೊಲಿಗೆ ಮಾಡುವ ಆಂಟಿಯದು. ನಡುವೆ ಹನ್ನೊಂದು ಹೆಜ್ಜೆ. ನಾನು ಅಳೆದಿದ್ದೇನೆ. ಅಳೆಯಲು ನನಗೆ ಬೇಕಾದಷ್ಟು ಸಮಯವಿತ್ತು.

ಬಂದ ಮೊದಲ ಶುಕ್ರವಾರ ಹತ್ತು ಗಂಟೆಯವರೆಗೆ ಮಲಗಿದ್ದೆ. ಅಲ್ಲಿ ಶುಕ್ರವಾರ ರಜೆ. ಅಮ್ಮನಿಗೂ ನೆನಪಾಗಲಿಲ್ಲ. ಅದನ್ನು ಸರಿದೂಗಿಸಲು ಭಾನುವಾರ ಬೆಳಗ್ಗೆ ಯೂನಿಫಾರ್ಮ್ ಹಾಕಿ ಬಸ್ಸಿಗೆ ಕಾದೆ. ಹಸು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ತಾತ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಸ್ಕೂಲವ್ವಾ, ಭಾನುವಾರನೂ ಬಿಡದೇ ಇರೋದು?"

"ಸ್ಪೆಷಲ್ ಕ್ಲಾಸ್," ಎಂದೆ.

"ಮೇಷ್ಟ್ರು ಈಗ ತಾನೆ ಚೀಲ ಹಿಡ್ಕಂಡು ಕೋಳಿ ತರಕ್ಕೆ ಹೋದ್ರಲ್ಲ," ಎಂದು ಹೇಳಿ ಹಸುವಿನ ಹಿಂದೆ ಹೋದರು.

ಇನ್ನೊಂದು. ನಮ್ಮ ತರಗತಿಯ ಹುಡುಗನೊಬ್ಬ ಎರಡನೇ ಪೀರಿಯಡ್ಡಿಗೆ ಬಂದು ಬಾಗಿಲಲ್ಲಿ ನಿಂತ. "ಆನೆ ಇತ್ತು ಸಾರ್." ಸಾರ್ ಬೋರ್ಡಿನಿಂದ ತಿರುಗಲೇ ಇಲ್ಲ. "ಎಷ್ಟು?" "ಮೂರು ಸಾರ್." "ಕೂತ್ಕೋ." ರಜಾಚೀಟಿ ಇಲ್ಲ, ಪೋಷಕರ ಸಹಿ ಇಲ್ಲ. ನನಗೆ ಇಂಥ ದೇಶ ಸಿಕ್ಕಿದೆ ಎಂದು ಗೊತ್ತೇ ಇರಲಿಲ್ಲ. ಮುಂದಿನ ವಾರ ನಾನೂ ತಡಮಾಡಿ ಹೋಗಿ, ಹೆಚ್ಚಿದ್ದರೆ ಒಳ್ಳೆಯದೆಂದು, ಏಳು ಆನೆ ಎಂದೆ. ಸಾರ್ ಈ ಸಲ ತಿರುಗಿದರು.

"ನಿಮ್ಮ ಬೀದೀಲಿ? ಏಳು? ಏನು, ಲೈನಾಗಿ ಬಂದ್ವಾ?"

ಆ ಪೀರಿಯಡ್ ಪೂರ್ತಿ ನಾನು ಹೊರಗೆ ನಿಂತು ಮಳೆ ನೋಡಿದೆ.

ಊಟದ ಹೊತ್ತಿನಲ್ಲಿ ನನ್ನ ಬೆಂಚಿನಲ್ಲಿ ನಾಲ್ವರು ಕೂರುತ್ತಿದ್ದರು. ಒಬ್ಬಳ ಮನೆಯಲ್ಲಿ ಕೊಡವ ಭಾಷೆ, ಒಬ್ಬಳದು ಅರೆಭಾಷೆ, ಒಬ್ಬಳದು ಮಲಯಾಳಂ, ಇನ್ನೊಬ್ಬಳದು ಉರ್ದು. ಒಂದು ಜೋಕನ್ನು ಕನ್ನಡದಲ್ಲಿ ಶುರುಮಾಡಿ, ದಾರಿಯಲ್ಲಿ ಎರಡು ಸಲ ಭಾಷೆ ಬದಲಿಸಿ, ನನಗೆ ಬಾರದ ಒಂದರಲ್ಲಿ ಮುಗಿಸುತ್ತಿದ್ದರು. ನಾನು ಎಲ್ಲರಿಗಿಂತ ಒಂದು ಸೆಕೆಂಡ್ ತಡವಾಗಿ ನಗುತ್ತಿದ್ದೆ. ಅವರಾರೂ ಕೆಟ್ಟವರಲ್ಲ. ಆದರೆ ಒಂದು ಸೆಕೆಂಡ್ ತಡವಾಗಿ ನಗುವುದನ್ನು ದಿನಾ ಮಾಡಿ ನೋಡಿ, ಗೊತ್ತಾಗುತ್ತದೆ.

ಅದಕ್ಕೇ ನಾನು ಮಸ್ಕತ್ತಿನ ಕಥೆ ಹೇಳಲು ಶುರುಮಾಡಿದ್ದು. ನಾವು ಶಾಲೆಗೆ ಒಂಟೆಯ ಮೇಲೆ ಹೋಗುತ್ತಿದ್ದೆವು, ಒಂಟೆಗೂ ಹಾಜರಿ ಇತ್ತು ಎಂದೆ. ನಂಬಿದರು. ಬೇಸಿಗೆಯಲ್ಲಿ ಅಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ, ತಣ್ಣೀರು ಬೇಕಾದರೆ ಗೀಸರ್ ಆರಿಸಿಟ್ಟು ಅದರಲ್ಲಿ ನಿಂತ ನೀರು ಹಿಡಿಯಬೇಕು ಎಂದೆ. ಅದೊಂದು ನೂರಕ್ಕೆ ನೂರು ನಿಜ. ನಾಲ್ವರೂ ಬಿದ್ದು ಬಿದ್ದು ನಕ್ಕರು. "ಸುಳ್ಳಿಗೂ ಒಂದು ಲಿಮಿಟ್ ಉಂಟು ಮಾರಾಯ್ತಿ," ಎಂದಳು ಒಬ್ಬಳು. ಆ ಮಧ್ಯಾಹ್ನ ನನಗೆ ಆ ಗೀಸರ್ ಎಷ್ಟು ನೆನಪಾಯಿತೆಂದರೆ, ಶೌಚಾಲಯಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ನನಗಾದರೂ ಬೆಂಚು ಇತ್ತು. ಅಮ್ಮನಿಗೆ ಅದೂ ಇರಲಿಲ್ಲ.

ಅಮ್ಮ ಹಾಸನದ ಹಳ್ಳಿಯವಳು. ಮದುವೆಯಾಗಿ ನೇರ ಮಸ್ಕತ್ತಿಗೆ ಹೋದವಳು; ಈಗ ಬರುವ ಮೊದಲು ಅವಳು ಕೊಡಗಿನಲ್ಲಿ ಇದ್ದದ್ದು ಒಟ್ಟು ಮೂರು ರಾತ್ರಿ. ಮಳೆ ಶುರುವಾದ ಮೇಲೆ ಅವಳು ಮನೆಯಿಂದ ಹೊರಗೆ ಹೋಗಲು ಒಂದು ಕಾರಣವೂ ಉಳಿಯಲಿಲ್ಲ. ನಾನು ಶಾಲೆಯಿಂದ ಬಂದಾಗ, ಬೆಳಗ್ಗೆ ಎಲ್ಲಿ ಕೂತಿದ್ದಳೋ ಅಲ್ಲೇ ಇರುತ್ತಿದ್ದಳು. ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದಳು, ಬೆಳಗ್ಗಿಂದ ಬಳಸದೇ ಇದ್ದ ಗಂಟಲು. "ಬಂದ್ಯಾ? ಏನಂದ್ರು ಸ್ಕೂಲಲ್ಲಿ?" ಯಾರು ಏನಂದರು, ಯಾಕಂದರು, ಅದಕ್ಕೆ ಇನ್ನೊಬ್ಬರು ಏನಂದರು, ಎಲ್ಲ ಬೇಕು. ನನಗೆ ಅಂದವರೇ ಇಲ್ಲದ ದಿನ ನಾನೇ ಕಟ್ಟಿ ಹೇಳುತ್ತಿದ್ದೆ.

ಇದಕ್ಕೆಲ್ಲ ಕಾರಣ ನಾನು. ಅಮ್ಮನಿಗೆ ಅದು ಗೊತ್ತಿರಲಿಲ್ಲ.

ನಾವು ಸಾಮಾನು ಇಳಿಸಿದ ಮರುದಿನವೇ ಪಕ್ಕದ ಆಂಟಿ ಒಂದು ಸ್ಟೀಲ್ ಡಬ್ಬಿಯಲ್ಲಿ ಕಡಂಬುಟ್ಟು ತಂದುಕೊಟ್ಟಿದ್ದರು. ಅಕ್ಕಿತರಿಯ ಬಿಳಿ ಉಂಡೆಗಳು, ಜೊತೆಗೆ ಚಟ್ನಿ. ಆಂಟಿ ಭಾಗಮಂಡಲದ ಕಡೆಯವರು, ಐವತ್ತರ ಆಸುಪಾಸು, ಕುತ್ತಿಗೆಯಲ್ಲಿ ಯಾವಾಗಲೂ ಅಳತೆಯ ಟೇಪು. ಅವರ ಮನೆಯವರಿಗೆ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ, ಮಗಳನ್ನು ಕೇರಳ ಗಡಿಯ ಕುಟ್ಟಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆ. ಇಷ್ಟನ್ನೂ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿಹೋದರು. ಬಾಗಿಲು ಹಾಕಿದ ಮೇಲೆ ಅಮ್ಮನ ಮುಖ ನೋಡಬೇಕಿತ್ತು. ಮಸ್ಕತ್ತಿನಲ್ಲಿ ಒಂಬತ್ತು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದವರನ್ನು ನಾವು ಬಾಗಿಲ ಹೊರಗಿನ ಅವರ ಚಪ್ಪಲಿಗಳಿಂದ ಮಾತ್ರ ಬಲ್ಲೆವು. ಇಲ್ಲಿ ಎರಡನೇ ದಿನಕ್ಕೇ ಅಮ್ಮನಿಗೆ ಒಬ್ಬರು ಸಿಕ್ಕಿದ್ದರು.

ಅಮ್ಮ ಮರುದಿನ ಖರ್ಜೂರದ ಹಲ್ವ ಮಾಡಿದಳು, ಅಲ್ಲಿಂದ ತಂದಿದ್ದ ದೊಡ್ಡ ಪೊಟ್ಟಣ ಒಡೆದು, ತುಪ್ಪ ಸುರಿದು. ಆಂಟಿಯ ಡಬ್ಬಿಗೆ ಒತ್ತಿ ಒತ್ತಿ ತುಂಬಿ ನನ್ನ ಕೈಗೆ ಕೊಟ್ಟಳು. "ಕೊಟ್ಬಿಟ್ಟು ಬಾ. ಚೆಲ್ಬೇಡ."

ಹನ್ನೊಂದು ಹೆಜ್ಜೆಯಲ್ಲಿ ನಾಲ್ಕು ಹಾಕಿದ್ದೆ. ಮುಚ್ಚಳ ಸ್ವಲ್ಪ ಸಡಿಲವಾಗಿತ್ತು. ಅದರ ವಾಸನೆ ಬಂತು. ನಮ್ಮ ಹಳೆಯ ಅಡುಗೆಮನೆ, ಏಸಿಯ ಗುಂಯ್ ಸದ್ದು, ಶುಕ್ರವಾರ ಬೆಳಗ್ಗೆ ಅಪ್ಪ ಬನಿಯನ್ನಿನಲ್ಲಿ ಕೂತು ಬಾಣಲೆ ಕೆರೆಯುವುದು, ಎಲ್ಲ ಆ ಸಂದಿನಿಂದ ಹೊರಬಂತು. ನಾನು ಹಿತ್ತಲಿಗೆ ತಿರುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಒಂದು ತುಂಡು ಎಂದುಕೊಂಡೆ. ಡಬ್ಬಿಯ ತಳ ಕಂಡಾಗ, ಇನ್ನು ಒಂದು ತುಂಡು ಉಳಿಸಿ ಕೊಟ್ಟರೆ ಅಸಹ್ಯವಾಗಿ ಕಾಣುತ್ತದೆ ಎಂದು ಅದನ್ನೂ ತಿಂದೆ. ಆಮೇಲೆ ಡಬ್ಬಿಯನ್ನು ಸೋಪು ಹಾಕಿ ಎರಡು ಸಲ ತೊಳೆದೆ, ಲಂಗಕ್ಕೆ ಒರೆಸಿದೆ, ಹೊಳೆಯುತ್ತಿತ್ತು. ನನಗೆ ಗೊತ್ತಿದ್ದದ್ದು ಇಷ್ಟೇ: ಡಬ್ಬಿ ಕೊಟ್ಟವರಿಗೆ ಡಬ್ಬಿ ವಾಪಸ್ ಸಿಗಬೇಕು. ಅಷ್ಟು ತೊಳೆದು ಕೊಡುವುದೇ ನಮ್ಮ ಕಡೆಯಿಂದ ಹೆಚ್ಚಿನ ಮರ್ಯಾದೆ ಎಂದು ಭಾವಿಸಿದ್ದೆ. ಅಲ್ಲಿ ತಿಂಡಿ ಬರುತ್ತಿದ್ದದ್ದು ಎಸೆಯುವ ಪ್ಲಾಸ್ಟಿಕ್ಕಿನಲ್ಲಿ.

ಆಂಟಿ ಡಬ್ಬಿ ತೆಗೆದುಕೊಂಡರು. ಅಲ್ಲಾಡಿಸಿದರು. ಮುಚ್ಚಳ ತೆಗೆದು ನೋಡಿದರು.

"ಥ್ಯಾಂಕ್ಸ್ ಆಂಟಿ," ಎಂದೆ.

"ಹ್ಞಾ," ಎಂದರು. ಬಾಗಿಲು ಹಾಕಿಕೊಂಡರು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. "ಹೆಂಗಿತ್ತಂತೆ?"

"ಸೂಪರ್ ಅಂದ್ರು."

ಮರುದಿನ ಬಟ್ಟೆ ಹರಡುವ ತಂತಿಯ ಹತ್ತಿರ ಅಮ್ಮ ನಕ್ಕಳು. ಆಂಟಿ ಸೀರೆ ಕೊಡವಿ ಅದರ ಹಿಂದೆ ಮರೆಯಾದರು. ಇನ್ನೊಂದು ದಿನ ಅಮ್ಮ, "ಮಳೆ ಜೋರು ಅಲ್ವಾ?" ಎಂದಳು. ಆಂಟಿ, "ಇಲ್ಲಿ ಹೀಗೇ," ಎಂದು ಒಳಗೆ ಹೋದರು. ಅಲ್ಲಿಗೆ ಮುಗಿಯಿತು. ಅಮ್ಮ ಬಾಗಿಲು ಹಾಕಿದಳು.

ಜುಲೈ ಮೊದಲ ವಾರದ ಒಂದು ಸಂಜೆ ಅಮ್ಮ ಫೋನಿನಲ್ಲಿ ಅಪ್ಪನಿಗೆ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಪುಸ್ತಕ ತೆರೆದು ಕೂತಿದ್ದೆ. ಅಮ್ಮ ನನ್ನನ್ನು ಪೀಠೋಪಕರಣದ ಲೆಕ್ಕಕ್ಕೆ ಹಾಕಿದ್ದಳು.

"ದಸರಾ ರಜೆ ಆಗ್ತಿದ್ದಂಗೆ ಇವಳನ್ನ ಹಾಸ್ಟೆಲಿಗೆ ಹಾಕಿ ನಾನು ನಮ್ಮಣ್ಣನ ಮನೆಗೆ ಹೋಗ್ಬಿಡ್ತೀನಿ ಕಣ್ರೀ."

"ಮನೆ ಕಟ್ಟೋ ತನಕ ತಡ್ಕೊಳೆ," ಎಂದರು ಅಪ್ಪ. ಅವರ ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು.

"ಯಾರ ಹತ್ರ ಮಾತಾಡ್ಕಂಡು ತಡ್ಕಳ್ಳಿ ನಾನು? ಆ ಪಕ್ಕದ್ಮನೆಯಮ್ಮಂಗೆ ನಾನೇನು ಮಾಡಿದೀನಿ ಅಂತ? ಕೈಯ್ಯಾರೆ ಹಲ್ವ ಮಾಡಿ ಕಳಿಸ್ದೆ. ಒಂದು ಮಾತಿಲ್ಲ."

ನಾನು ಪುಸ್ತಕದ ಪುಟ ತಿರುಗಿಸಿದೆ. ಅದು ಗಣಿತ, ತಿರುಗಿಸುವ ಅಗತ್ಯವಿರಲಿಲ್ಲ.

ನಾನೇನು ಮಾಡಿದ್ದೆ ಎಂದು ನನಗೆ ಪೂರ್ತಿ ತಿಳಿದದ್ದು ಅದೇ ವಾರ. ಬೆಂಚಿನ ಅರೆಭಾಷೆಯ ಹುಡುಗಿ ತನ್ನ ಟಿಫನ್ ಬಾಕ್ಸಿನಲ್ಲಿ ನನಗೆ ಹಲಸಿನ ಹಣ್ಣಿನ ಕಡುಬು ಕೊಟ್ಟಿದ್ದಳು. ಮರುದಿನ ಬಾಕ್ಸನ್ನು ಫಳಫಳ ತೊಳೆದು ಒಪ್ಪಿಸಿದೆ. ಅದರ ಮರುದಿನ ಅವಳು ನಗುತ್ತಾ ಬಂದಳು.

"ನಮ್ಮಜ್ಜಿ ಕೇಳಿದ್ರು, ಅದು ಯಾರ ಮನೆ ಕೂಸು, ಅವರ ಮನೇಲಿ ಒಂದು ಚೂರು ಬೆಲ್ಲನೂ ಇಲ್ವಾ ಅಂತ."

"ಬೆಲ್ಲ ಯಾಕೆ?"

"ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರಾ? ಏನೂ ಇಲ್ದಿದ್ರೆ ನಾಲ್ಕು ಕಾಳು ಸಕ್ಕರೆ ಹಾಕ್ಬೇಕು. ಖಾಲಿ ಕೊಟ್ರೆ, ಇನ್ನು ನಮ್ಮ ನಿಮ್ಮ ಸಹವಾಸ ಬೇಡ ಅಂದಂಗೆ."

ಬಸ್ಸಿನಲ್ಲಿ ಮನೆಗೆ ಬರುವಾಗ ಆಂಟಿ ಡಬ್ಬಿ ಅಲ್ಲಾಡಿಸಿದ್ದು ನೆನಪಾಯಿತು. ಸೋಪಿನ ವಾಸನೆಯ, ಎರಡು ಸಲ ತೊಳೆದ ಡಬ್ಬಿ. ಸಹವಾಸ ಬೇಡ ಎಂದು ಇಷ್ಟು ಚೊಕ್ಕಟವಾಗಿ ಕೊಡಗಿನಲ್ಲಿ ಯಾರೂ ಯಾರಿಗೂ ಹೇಳಿರಲಾರರು.

ನಿಜ ಹೇಳಬಹುದಿತ್ತು. ಹೇಳುವವರು ಹೇಳುತ್ತಾರೆ. ನಾನು ನಮ್ಮ ಮನೆಯ ಒಂದು ಡಬ್ಬಿ ತೆಗೆದುಕೊಂಡು, ಉಳಿದಿದ್ದ ಖರ್ಜೂರವನ್ನೆಲ್ಲ ಅದಕ್ಕೆ ಸುರಿದು, ಅಮ್ಮ ಸ್ನಾನಕ್ಕೆ ಹೋದಾಗ ಆಂಟಿಯ ಬಾಗಿಲು ತಟ್ಟಿದೆ. "ಅಮ್ಮ ಕೊಟ್ರು. ಅವತ್ತು ಹುಷಾರಿರಲಿಲ್ಲವಂತೆ, ಏನೂ ಹಾಕೋಕಾಗಲಿಲ್ಲ, ಬೇಜಾರು ಮಾಡ್ಕೋಬೇಡಿ ಅಂದ್ರು."

ಆಂಟಿ ಮುಚ್ಚಳ ತೆಗೆದು ಖರ್ಜೂರ ನೋಡಿದರು. "ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಗಂಜಿ ಮಾಡಿ ಕೊಡ್ತಿರಲಿಲ್ವ ಕೂಸೆ," ಎಂದರು. ಆ ಸಂಜೆಯೇ ಡಬ್ಬಿಯಲ್ಲಿ ಅಕ್ಕಿರೊಟ್ಟಿ ಬಂತು.

ಅಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಇದು ನಮ್ದಲ್ವೇನೇ?"

"ಅವರ ಡಬ್ಬಿಗಳೆಲ್ಲ ಕುಟ್ಟಕ್ಕೆ ಹೋಗಿವೆಯಂತೆ, ಮಗಳ ಮನೆಗೆ. ಒಂದು ಕೊಡು ಅಂತ ಕೇಳಿದ್ರು."

ಯಾವ ತಾಯಿಯೂ ನಂಬಬಾರದ ಉತ್ತರ ಅದು. ಅಮ್ಮ ನಂಬಿದಳು. ರೊಟ್ಟಿ ಮುರಿದು ಬಾಯಿಗಿಟ್ಟು, "ತಾನಾಗೇ ಕೊಟ್ಟಳಾ?" ಎಂದಳು. ನಾನು ಹೂಂ ಎಂದೆ. ಆವತ್ತು ರಾತ್ರಿ ಫೋನಿನಲ್ಲಿ ಅಣ್ಣನ ಮನೆಯ ವಿಷಯ ಬರಲಿಲ್ಲ.

ಆಮೇಲೆ ಡಬ್ಬಿಗೆ ಪುರುಸೊತ್ತಿಲ್ಲ. ಅಮ್ಮ ಕೋಡುಬಳೆ ಮಾಡಿದಳು. ಆಂಟಿ ಕಡಿದು ನೋಡಿ, "ಉಪ್ಪು ಒಂಚೂರು ಮುಂದೆ. ಹಲ್ಲಿಗೂ ಗಟ್ಟಿ," ಎಂದರು. ನಾನು ಹನ್ನೊಂದು ಹೆಜ್ಜೆಯಲ್ಲಿ ಅದನ್ನು, "ಇಂಥ ಕೋಡುಬಳೆ ಅವರ ಜನ್ಮದಲ್ಲಿ ತಿಂದಿಲ್ಲವಂತೆ," ಎಂದು ಬದಲಿಸಿದೆ. ಅಮ್ಮ ಆ ತಿಂಗಳು ನಾಲ್ಕು ಸಲ ಕೋಡುಬಳೆ ಕಳಿಸಿದಳು. ಆಂಟಿಯ ಮನೆಯವರು ಅದನ್ನು ಕಾಫಿಯಲ್ಲಿ ನೆನೆಸಿ ತಿನ್ನುವುದನ್ನು ನಾನೇ ನೋಡಿದ್ದೇನೆ. ಆಂಟಿ ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ಕೊಟ್ಟರು. ಅಮ್ಮ ಮೂಸಿ ನೋಡಿ ನನ್ನ ಕಡೆ ತಳ್ಳಿದಳು. "ಅಮ್ಮ ಎರಡು ಸಲ ಹಾಕಿಸಿಕೊಂಡ್ರು ಆಂಟಿ," ಎಂದೆ. ಅದಾದ ಮೇಲೆ ಬಿದಿರು ಚಿಗುರುವುದು ನಿಲ್ಲುವ ತನಕ ನಾನೊಬ್ಬಳೇ ಕಣಿಲೆ ತಿಂದೆ.

ಅಮ್ಮ ತಲೆ ಬಾಚಿಕೊಳ್ಳಲು ಶುರುಮಾಡಿದಳು. ಬೆಳಗ್ಗೆ ಎದ್ದು, "ಇವತ್ತು ಅವರಿಗೆ ಏನು ಮಾಡೋಣ?" ಎನ್ನುತ್ತಿದ್ದಳು.

ಆದರೆ ಇಬ್ಬರೂ ಭೇಟಿಯಾಗುವಂತಿರಲಿಲ್ಲ. ಭೇಟಿಯಾದರೆ ಮೊದಲ ಮಾತೇ ಹಲ್ವ. "ನಿಮ್ಮಮ್ಮ ಯಾಕೆ ಬರೋದಿಲ್ಲ?" ಎಂದು ಆಂಟಿ ಕೇಳಿದಾಗ, ಅಲ್ಲಿ ಕರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಅಮ್ಮನಿಗೆ ಅದೇ ರೂಢಿ ಎಂದೆ. "ಹಾಗಾದ್ರೆ ನಾನು ಕರೆದೆ ಅಂತ ಹೇಳು," ಎಂದರು. ಹೇಳಲಿಲ್ಲ. "ಒಂದ್ಸಲ ಹೋಗಿ ಕೂತು ಬರ್ಲಾ?" ಎಂದು ಅಮ್ಮ ಕೇಳಿದಾಗ, ಆಂಟಿಗೆ ಜನ ಬಂದರೆ ಅಳತೆ ತಪ್ಪುತ್ತದೆ, ಹೋದ ವಾರ ಒಂದು ರವಿಕೆಗೆ ಮೂರು ತೋಳಾಯಿತು ಎಂದೆ. ಅಮ್ಮ ಎದ್ದವಳು ಕೂತಳು.

ಭಯ ಮಾತ್ರ ಕಾರಣವಲ್ಲ, ಅದನ್ನೂ ಹೇಳಬೇಕು. ಶಾಲೆ ಬಿಟ್ಟು ಬರುವಾಗ ಆಂಟಿಯ ಹೊಲಿಗೆ ಮೆಷಿನ್ನು ನನ್ನನ್ನು ಕಂಡು ನಿಲ್ಲುತ್ತಿತ್ತು. "ಎಂತ ತಂದೆ?" ಎನ್ನುತ್ತಿದ್ದರು. ಒಳಗೆ ಒಲೆಯ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಇಡೀ ಕೊಡಗಿನಲ್ಲಿ ಇಬ್ಬರಿಗೆ ನನ್ನ ಮಾತು ಬೇಕಾಗಿತ್ತು, ಮತ್ತು ಇಬ್ಬರೂ ನಾನು ಹೇಳಿದ ತಕ್ಷಣ ನಗುತ್ತಿದ್ದರು.

ಆಗಸ್ಟಿನಲ್ಲಿ ಒಂದು ದಿನ ಆಂಟಿ ಡಬ್ಬಿ ತುಂಬ ನೇರಳೆ ಬಣ್ಣದ ಪಾಯಸ ಕೊಟ್ಟರು. ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ರಸದಲ್ಲಿ ಮಾಡುವುದಂತೆ. ಆ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತವಂತೆ. ಶಾಯಿಯ ಬಾಟಲಿ ಬಗ್ಗಿಸಿದಂತೆ ಕಾಣುತ್ತಿತ್ತು, ಕಾಡಿನಂತೆ ಘಮಘಮ ಎನ್ನುತ್ತಿತ್ತು. ಅಮ್ಮನೂ ನಾನೂ ಎರಡೆರಡು ಲೋಟ ಕುಡಿದೆವು.

ಮರುದಿನ ಮಳೆಗೆಂದು ಶಾಲೆಗೆ ರಜೆ ಕೊಟ್ಟಿದ್ದರು. ಬೆಳಗ್ಗೆ ಎದ್ದು ಬಚ್ಚಲಿಗೆ ಹೋದೆ. ಹೇಗೆ ಹೇಳುವುದು, ಕೆಂಪಗೆ ಹೋಯಿತು. ಬೀಟ್‌ರೂಟ್ ಕೆಂಪು. ನಾನು ಅಲ್ಲೇ ನಿಂತು, ಕಿಡ್ನಿ ಎಷ್ಟು ಇರುತ್ತವೆ, ನನ್ನದು ಎಷ್ಟು ಹೋಗಿರಬಹುದು, ನನ್ನ ಇಯರ್‌ಫೋನ್ ಯಾರಿಗೆ ಸಿಗಬೇಕು ಎಂದೆಲ್ಲ ಯೋಚಿಸಿದೆ. ಅಮ್ಮ ಇನ್ನೂ ಮಲಗಿದ್ದಳು. ಎಬ್ಬಿಸಲು ಧೈರ್ಯ ಬರಲಿಲ್ಲ. ಡಬ್ಬಿಗೆ ನಾಲ್ಕು ಹಿಡಿ ಖಾರದ ಅವಲಕ್ಕಿ ಹಾಕಿಕೊಂಡು, ಸಾಯುವ ಮೊದಲು ಡಬ್ಬಿಯನ್ನಾದರೂ ಸರಿಯಾಗಿ ವಾಪಸ್ ಕೊಡೋಣವೆಂದು ಆಂಟಿಯ ಮನೆಗೆ ಹೋದೆ.

ಆಂಟಿ ದೋಸೆ ಹುಯ್ಯುತ್ತಿದ್ದರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಕೆಂಪು ಹೋಯ್ತಾ?"

ನಾನು ತಲೆಯಾಡಿಸಿದೆ.

ಆಂಟಿ ಸೌಟು ಕೆಳಗಿಟ್ಟು ನಕ್ಕರು. "ಮದ್ದು ಹಿಡೀತು ಅಂತ ಅದು. ಎಲ್ಲರಿಗೂ ಹೋಗ್ತದೆ. ಅಮ್ಮಂಗೆ ಹೇಳಿದ್ದೀಯಾ ತಾನೆ? ಹೆದರ್ತಾರೆ ಪಾಪ."

"ಹೇಳಿದೀನಿ," ಎಂದೆ. ಎರಡು ದೋಸೆ ಮುಗಿಸಿ ಹೋಗಿ, ಸಾಯುವಂತೆ ಸ್ವಲ್ಪ ನಟಿಸಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ.

ಆಂಟಿ ತಟ್ಟೆಗೆ ಎರಡನೇ ದೋಸೆ ಹಾಕಿದರು. "ಒಂದು ಮಾತು ಹೇಳ್ಲಾ? ಮೊದ್ಲು ನಿಮ್ಮಮ್ಮನ್ನ ನಾನು ಎಂತೆಂತದೋ ಅಂದ್ಕೊಂಡಿದ್ದೆ. ಆ ಖಾಲಿ ಡಬ್ಬಿ ನೋಡಿ ಎರಡು ದಿನ ನಂಗೆ ಊಟ ಸೇರಲಿಲ್ಲ. ಹುಷಾರಿಲ್ಲದೇ ಇದ್ರೂ, ಒಂದು ಚಿಟಿಕೆ ಸಕ್ಕರೆ ಹಾಕ್ಬಹುದಿತ್ತು."

ಬಾಯಲ್ಲಿ ದೋಸೆ ಇದ್ದರೂ ನನ್ನ ನಾಲಿಗೆ ನಿಲ್ಲಲಿಲ್ಲ. "ಅಯ್ಯೋ ಆಂಟಿ, ನಮ್ಮ ಕಡೆ ಖಾಲಿ ಕೊಡೋದೇ ಮರ್ಯಾದೆ. ಎಷ್ಟು ಚೆನ್ನಾಗಿ ತೊಳೆದಿರ್ತೀವೋ ಅಷ್ಟು ಪ್ರೀತಿ ಅಂತ. ಅಮ್ಮ ಅದನ್ನ ಎರಡು ಸಲ ತೊಳೆದು..."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನೈಟಿಯ ಮೇಲೆ ಸ್ವೆಟರ್, ಬರಿಗಾಲು, ಕೈಯಲ್ಲಿ ಫೋನು. ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವಳು ಆಂಟಿಯನ್ನು ನೋಡಲಿಲ್ಲ, ನೇರ ನನ್ನ ಹತ್ತಿರ ಬಂದು ಹಣೆ ಮುಟ್ಟಿದಳು.

"ನಿಂಗೆ ಏನೂ ಆಗಿಲ್ಲ ತಾನೇ? ನಂಗೆ ಬೆಳಗ್ಗೆ... ನೀನೂ ಕುಡಿದಿದ್ದಲ್ಲ ಅದನ್ನ. ಮನೇಲಿ ಇಲ್ಲ ನೀನು. ಎಲ್ಲ ಕಡೆ ಹುಡುಕ್ದೆ."

ಆಂಟಿ ಎದ್ದು ಅಮ್ಮನ ತೋಳು ಹಿಡಿದರು. ಮದ್ದು ಸೊಪ್ಪು, ಹದಿನೆಂಟು ಔಷಧಿ, ಎಲ್ಲ ಹೇಳಿದರು. "ಇವಳು ಹೇಳಿಲ್ವಾ ನಿಮಗೆ? ಹೇಳಿದೀನಿ ಅಂದಳಲ್ಲ." ಅಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತು ನಕ್ಕಳೋ ಅತ್ತಳೋ ನನಗೆ ಹೇಳಲಾಗುವುದಿಲ್ಲ. ಆಮೇಲೆ ತಲೆ ಎತ್ತಿದಳು.

"ಖಾಲಿ ಡಬ್ಬಿ ಅಂತಿದ್ರಲ್ಲ. ಯಾವ ಖಾಲಿ ಡಬ್ಬಿ?"

"ಹೋಗ್ಲಿ ಬಿಡಿ, ನೀವು ಬಂದ ಹೊಸತರಲ್ಲಿ," ಎಂದರು ಆಂಟಿ. "ನಾನು ಕಡಂಬುಟ್ಟು ಕೊಟ್ಟಿದ್ದು."

"ಅದರ ತುಂಬ ಹಲ್ವ ಹಾಕಿ ಕಳಿಸಿದ್ನಲ್ಲ. ಖರ್ಜೂರದ್ದು."

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಬಳಿ ಮೂರು ಉತ್ತರ ಸಿದ್ಧವಿದ್ದವು. ಮೂರನೆಯದರಲ್ಲಿ ಒಂದು ಕೋತಿ ಇತ್ತು. ಅಮ್ಮನ ಪಾದಗಳು ಕೆಸರಾಗಿದ್ದವು. ಹಿತ್ತಲು, ಬೀದಿ, ಬಸ್‌ಸ್ಟ್ಯಾಂಡು ಎಲ್ಲ ಓಡಿ ಬಂದಿದ್ದಳು.

"ನಾನೇ ತಿಂದೆ," ಎಂದೆ.

"ಅಷ್ಟೂನಾ?"

"ಹೂಂ."

"ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಅದು ನಮ್ಮನೆ ವಾಸನೆ ಬರ್ತಿತ್ತು."

ಆಂಟಿ ಒಲೆಯ ಮುಂದೆ ನಾನು ಕೂತಿದ್ದ ಮಣೆಯನ್ನು ತೋರಿಸಿ, ನನಗೆ ಏಳು ಎಂದು ಕಣ್ಣಲ್ಲೇ ಹೇಳಿ, "ಒಳಗೆ ಬನ್ನಿ ಅಕ್ಕ, ಕಾಲು ಒರೆಸ್ಕೊಳ್ಳಿ, ಥಂಡಿ," ಎಂದರು. ಅಮ್ಮ ಒಳಗೆ ಹೋಗಿ ಕೂತಳು.

"ನೀನು ಮನೆಗೆ ಹೋಗು," ಎಂದಳು ನನಗೆ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ನಾನು ಜಗುಲಿಯಲ್ಲಿ ಕೂತೆ. ಒಳಗಿನಿಂದ ದೋಸೆಯ ಚುಂಯ್ ಸದ್ದು, ಇಬ್ಬರ ಮಾತು. ನನ್ನ ಬಗ್ಗೆ ಮಾತಾಡುತ್ತಾರೆ ಎಂದು ಕಿವಿಗೊಟ್ಟೆ. ಇಲ್ಲ. ಆಂಟಿಯ ಮಗಳ ಅತ್ತೆ, ಹಾಸನದಲ್ಲಿ ಸೋನೆ ಮಳೆ ಮಾತ್ರ ಬರುವುದು, ರವಿಕೆಯ ಬಟ್ಟೆ ಮೊದಲು ನೆನೆಸಬೇಕೋ ಬೇಡವೋ. ಅಮ್ಮನ ಗಂಟಲು ಸರಿಯಾಗಿತ್ತು. "ದಸರಾಕ್ಕೆ ನಮ್ಮಣ್ಣನ ಮನೆಗೆ ಹೋಗ್ಬಿಡೋಣ ಅಂತಿದ್ದೆ," ಎಂದಳು. "ಹೋಗಿ ಅಲ್ಲಿ ಎಂತ ಮಾಡ್ತೀರಿ?" ಎಂದರು ಆಂಟಿ. ಅಮ್ಮ ಏನೋ ಹೇಳಿದಳು, ಅಷ್ಟರಲ್ಲಿ ಮಳೆ ಜೋರಾಗಿ ಹಂಚಿನ ಮೇಲೆ ಬಿತ್ತು, ಕೇಳಿಸಲಿಲ್ಲ. ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕರು. ಯಾಕೆಂದು ನನಗೆ ಯಾರೂ ಹೇಳಲಿಲ್ಲ.